ಗುಲಗಂಜಿ ತೂಕ

ಬುದೈಯಾ ರಸ್ತೆಯ ಕ್ಲಿನಿಕ್ಕಿನಲ್ಲಿ
ಹನ್ನೊಂದು ವರ್ಷದಿಂದ ನಾಯಿ ತೂಗುವವನು ನಾನು.
ಡಾಕ್ಟರಲ್ಲ. ಹಿಡಿದುಕೊಳ್ಳುವವನು.
ಸೂಜಿ ಇಳಿಯುವಾಗ ಕಿವಿಯ ಹತ್ತಿರ ಬಗ್ಗಿ
ತುಳುವಿನಲ್ಲಿ ಸುಳ್ಳು ಹೇಳುವವನು.

ಹಾಗಾಗಿ ತರುವ ಮೊದಲು ಕೇಳಿ, ಪ್ರಫುಲ್ಲಕ್ಕ.
ನಿಮ್ಮ ಇಂಚರ ಫೋನಿನಲ್ಲಿ ತೋರಿಸಿದಳಲ್ಲ,
ಚಾ ಕಪ್ಪಿನೊಳಗೆ ಕೂತ ಪೊಮೆರೇನಿಯನ್,
ಆ ಫೋಟೊದ ದಿನ ಅದಕ್ಕೆ ಐದು ವಾರ.
ಐದು ವಾರಕ್ಕೆ ಆನೆ ಒಂದು ಬಿಟ್ಟು
ಎಲ್ಲವೂ ಕಪ್ಪಿನಲ್ಲಿ ಹಿಡಿಸುತ್ತದೆ.

ತಾಯಿಯನ್ನು ತೋರಿಸಿ ಎನ್ನಿ.
ತಾಯಿ ರಿಯಾದಿನಲ್ಲಿ ಉಂಟು ಅಂದರೆ ಎದ್ದು ಬನ್ನಿ.
ತಾಯಿ ಯುರೋಪಿನಲ್ಲಿ ಅಂದರೆ
ಚಪ್ಪಲಿಗೂ ಕಾಯದೆ ಬನ್ನಿ.
ಸೂಲಿನಲ್ಲಿ ಹಿಂದುಳಿದ ಮರಿಯನ್ನು
ಇನ್ನೊಂದು ಹಿಂದುಳಿದದ್ದಕ್ಕೆ ಕೂಡಿಸುತ್ತಾರೆ,
ಅದರ ಮರಿಯನ್ನು ಮತ್ತೊಂದಕ್ಕೆ.
ಕೊನೆಗೆ ಬಡಕಲಿಗೆ ಒಂದು ಇಂಗ್ಲಿಷ್ ಹೆಸರು,
ಹೆಸರಿಗೆ ಮುನ್ನೂರು ದಿನಾರ್.

ನಾಯಿಯನ್ನು ಚಿಕ್ಕದು ಮಾಡಬಹುದು ಮಾರಾಯ್ರೆ,
ಒಳಗಿನದೆಲ್ಲ ಅದೇ ಲೆಕ್ಕಕ್ಕೆ ಬಗ್ಗುವುದಿಲ್ಲ.
ಜರ್ಮನ್ ಶೆಫರ್ಡಿಗೂ ನಲವತ್ತೆರಡು ಹಲ್ಲು,
ಇದಕ್ಕೂ ನಲವತ್ತೆರಡು,
ಬೆಂಕಿಪೊಟ್ಟಣದಷ್ಟು ಬಾಯಿಯಲ್ಲಿ.
ಗುದೈಬಿಯಾದ ನಮ್ಮ ರೂಮಿನ ಹಾಗೆ:
ಎರಡು ಮಂಚದ ಜಾಗಕ್ಕೆ ಆರು ಜನ,
ಒಬ್ಬ ಮಗ್ಗುಲು ಬದಲಿಸಿದರೆ ಎಲ್ಲರಿಗೂ ನೋವು.

ಮಂಡಿಚಿಪ್ಪು ಜಾರುತ್ತದೆ.
ಸೋಫಾದಿಂದ ಹಾರಿದರೆ ಮುಂಗಾಲು
ಕರಿದ ಸಂಡಿಗೆಯ ಹಾಗೆ. ಸದ್ದು ಕೂಡ ಅಷ್ಟೇ.
ನೆತ್ತಿ ಮುಟ್ಟಿ ನೋಡಿ,
ಕೂಸಿನ ನೆತ್ತಿಯ ಹಾಗೆ ಬೆರಳಿಗೆ ಬಡಿದರೆ
ಅದು ಕೂಡಬಹುದು. ಕೂಡದೆಯೂ ಇರಬಹುದು.

ಒಂದು ಊಟ ತಪ್ಪಿದರೆ ನಮಗೆ ಸಿಟ್ಟು ಬರುತ್ತದೆ,
ಅದಕ್ಕೆ ಮೈ ನಡುಗಿ ಕಣ್ಣು ಮೇಲಾಗುತ್ತದೆ.
ಆಗ ಖರ್ಜೂರದ ಪಾಕವನ್ನು ಬೆರಳಲ್ಲಿ ತೆಗೆದು
ಒಸಡಿಗೆ ಒರೆಸಬೇಕು.
ನನಗೆ ಫೋನ್ ಮಾಡುವುದು ಆಮೇಲೆ.

ಮತ್ತೆ ಜುಲೈ.
ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ
ಏಳರವರೆಗೆ ಎಣಿಸಿ, ಆದರೆ.
ನಿಮಗೆ ಬಿಸಿಲು ಮೇಲಿನಿಂದ ಬರುತ್ತದೆ.
ಅದರ ಹೊಟ್ಟೆ ಡಾಂಬರಿನಿಂದ ನಾಲ್ಕೇ ಬೆರಳು ಮೇಲೆ.

ಕಳೆದ ವರ್ಷ ಒಬ್ಬರು ತಂದಿದ್ದರು.
ಕಂಪನಿ ಮುಚ್ಚಿ, ವೀಸಾ ಮುಗಿದು,
ಬೇಸಗೆಗೆ ವಿಮಾನದವರು ನಾಯಿ ಬೇಡ ಅಂದು.
ಒಂದು ಗಂಟೆ ನೋಡಿಕೊಳ್ಳಿ ಎಂದು ಕೌಂಟರಿನಲ್ಲಿಟ್ಟರು.
ಸಂಜೆ ನಂಬರು ಸ್ವಿಚ್ ಆಫ್.
ಬೈಯಲು ಬಾಯಿ ತೆರೆದೆ, ಬೈಗುಳ ಬರಲಿಲ್ಲ:
ಅವರ ಚೀಲದಲ್ಲಿ ನಾಯಿಯ ಬಾಚಣಿಗೆ ಇತ್ತು,
ಲಸಿಕೆಯ ಕಾರ್ಡು, ತೊಳೆದು ಮಡಚಿದ ಟವೆಲು.

ಒಂದು ಕಿಲೊ ನೂರು ಗ್ರಾಂ.
ಗುಲಗಂಜಿ ಎಂದು ಕರೆದೆ.
ರೂಮಿಗೆ ಕದ್ದು ತಂದೆ.
ಇಫ್ತಿಖಾರ್ ಮಾತಾಡಲಿಲ್ಲ, ನಮಾಜಿನ ಚಾಪೆ ಎತ್ತಿ
ಕಪಾಟಿನ ಮೇಲಿಟ್ಟ. ಕರೆಂಟು ಹೋದ ರಾತ್ರಿ
ಐಸು ಕಟ್ಟಿದ ಬಾಟಲಿಯೊಂದನ್ನು
ಕಾಲಿನಿಂದ ಅದರ ಕಡೆ ಉರುಳಿಸಿದವನೂ ಅವನೇ.

ಹೊಟ್ಟೆ ತುಂಬ ಹಾಕಿದೆವು, ಆರು ಜನರೂ, ಒಬ್ಬರಿಗೊಬ್ಬರು ಹೇಳದೆ.
ಗುಲಗಂಜಿ ಬೆಳೆಯಿತು.
ಎರಡು ಕಿಲೊ. ಮೂರೂವರೆ. ಆರು.
ಡಾಕ್ಟರು ನಕ್ಕರು, ಆಮೇಲೆ ನಗಲಿಲ್ಲ:
ಇದು ಮಿನಿಯೇಚರ್ ಅಲ್ಲವೇ ಅಲ್ಲ,
ಮಾರಿದವನು ಹಸಿವಿನಲ್ಲಿಟ್ಟಿದ್ದ, ಅಷ್ಟೇ.

ರೂಮಿನ ಯಜಮಾನನ ಕಣ್ಣಿಗೆ ಬಿದ್ದ ಮೇಲೆ
ಅದು ಇಲ್ಲೇ, ತಕ್ಕಡಿಯ ಕೆಳಗೆ.
ಹಗಲು ನಿದ್ದೆ. ಹೊಸ ನಾಯಿ ಬಂದರೆ
ಎದ್ದು ಒಮ್ಮೆ ಮೂಸಿ ಮತ್ತೆ ನಿದ್ದೆ.

ನಾನು ಇದನ್ನೆಲ್ಲ ಹೇಳುವಷ್ಟರಲ್ಲಿ
ನೋಡಿ, ನಿಮ್ಮ ಮಗಳು ಅದರ ಪಕ್ಕ ಮಂಡಿಯೂರಿದ್ದಾಳೆ.
ಎಷ್ಟು ತೂಕ ಎಂದು ಕೇಳುತ್ತಿದ್ದಾಳೆ.
ಹೇಳಬೇಡಿ.
ಎತ್ತಿ ನೋಡಲಿ.